ಅಡುಗೆ ಮಾಡಿದ್ದು ಯಾರು?

ಉಡುಪಿಯ ಮಧ್ವ ಸರೋವರದ ಬಳಿ ಎದ್ದು ನಿಲ್ಲುವ ಒಂದು ರಥ ಒಂದಡಿಯೂ ಸರಿಯುವುದಿಲ್ಲ. ಅದು ಇಡಿಯಾಗಿ ಸೌದೆಯ ರಥ. ಮುಂದಿನ ಪರ್ಯಾಯದಲ್ಲಿ ಉಣ್ಣಲು ಬರುವವರಿಗೆ ಅನ್ನ ಬೇಯಿಸಲು ಕೂಡಿಟ್ಟ ಕಟ್ಟಿಗೆಯನ್ನು ರಥದ ಆಕಾರಕ್ಕೆ ಒಟ್ಟಿರುತ್ತಾರೆ. ಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ವರ್ಷದ ಮೊದಲೇ ತಯಾರಿ ಶುರು. ಮೊದಲು ಬಾಳೆ ಮುಹೂರ್ತ, ಊಟದೆಲೆಗೆ ಬೇಕಾದ ಬಾಳೆಕಂದುಗಳನ್ನು ನೆಡುವುದು. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ.

ಇನ್ನೂ ಬಾರದ ಅತಿಥಿಗಾಗಿ ಇಂದೇ ಬಾಳೆ ನೆಡುವ ಈ ಲೆಕ್ಕಾಚಾರ ಈ ಸೀಮೆಯ ಅಡುಗೆಯವರಿಗೆ ತಲೆಮಾರುಗಳಿಂದ ಕರಗತ. ಸಾವಿರ ಎಲೆಯ ಊಟಕ್ಕೆ ಬೇಳೆ ಎಷ್ಟು, ಹುಣಸೆ ಎಷ್ಟು ಎಂಬುದು ಅವರಿಗೆ ಕೈಯಳತೆಯಲ್ಲೇ ಗೊತ್ತು. ಉಣ್ಣುವವನು ಮಾತ್ರ ಒಲೆಯನ್ನು ನೋಡುವ ಹಾಗಿರಲಿಲ್ಲ. ಪಾಕಶಾಲೆ ಮಡಿಯೊಳಗಿನ ಜಾಗ. ಹಾಗಿದ್ದರೆ ಕಾಣದ ಅಡುಗೆಯನ್ನು ಅವನು ನಂಬಿದ್ದು ಯಾವ ಆಧಾರದ ಮೇಲೆ? ಅಡುಗೆ ಮಾಡಿದ್ದು ಯಾರು ಎಂಬ ಒಂದೇ ಆಧಾರದ ಮೇಲೆ. ಮಾಡಿದವನ ಜಾತಿ ಗೊತ್ತಾದರೆ ಊಟದ ಗುಣ ಗೊತ್ತಾದಂತೆ ಎಂದು ಆ ಕಾಲ ತಿಳಿದಿತ್ತು.

ಉಡುಪಿಯ ಹುಡುಗರು ಊರು ಬಿಟ್ಟು ಹೊರಟಾಗ ಈ ನಂಬಿಕೆಯೂ ಗಂಟುಮೂಟೆಯ ಜೊತೆಗೇ ಹೊರಟಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ದಕ್ಷಿಣ ಕನ್ನಡದ ಸಣ್ಣ ಹಿಡುವಳಿಗಳು ದೊಡ್ಡ ಕುಟುಂಬಗಳನ್ನು ಸಾಕಲಾರದೆ ಹೋದವು. 1923ರ ನೆರೆ ಇದ್ದುದನ್ನೂ ಕೊಚ್ಚಿಕೊಂಡು ಹೋಯಿತು. ಮದ್ರಾಸು, ಬೆಂಗಳೂರು, ಮುಂಬಯಿಗಳಲ್ಲಿ ಆಗ ಹೊಸ ಬಗೆಯ ಜನ ತುಂಬುತ್ತಿದ್ದರು: ಗುಮಾಸ್ತರು, ವಿದ್ಯಾರ್ಥಿಗಳು, ವಕೀಲರು, ಮನೆಯಿಂದ ದೂರ ಇದ್ದು ಮನೆಯ ಊಟ ಬಯಸುವವರು. ಹೊರಗೆ ತಿನ್ನುವುದಕ್ಕೇ ಅವರು ಅಂಜುತ್ತಿದ್ದರು. ಆ ಅಂಜಿಕೆಗೆ ಉತ್ತರವಾಗಿ ಬಾಗಿಲ ಮೇಲೆ ‘ಬ್ರಾಹ್ಮಣರ ಕಾಫಿ ಹೋಟೆಲು’ ಎಂಬ ಬೋರ್ಡು ಬಂತು. ಒಳಗಿನ ಕೋಣೆ ಬ್ರಾಹ್ಮಣರಿಗೆ, ಹೊರಗಿನ ಬೆಂಚು ಉಳಿದವರಿಗೆ. ದಲಿತರಿಗೆ ಅನೇಕ ಕಡೆ ಹೊಸ್ತಿಲೂ ಇರಲಿಲ್ಲ. ಉಡುಪಿ ಹೋಟೆಲಿನ ಹೆಮ್ಮೆಯ ಕಥೆ ಹೇಳುವಾಗ ಈ ಪುಟವನ್ನು ಹಾರಿಸಿ ಓದಬಾರದು. ಆಮೇಲೆ ಆದದ್ದರ ಬೆಲೆ ಗೊತ್ತಾಗುವುದು ಇದನ್ನು ಓದಿದ ಮೇಲೆಯೇ.

ಸಾಲಿಗ್ರಾಮದ ಪಕ್ಕದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ತೆರೆದಾಗ ಅದರ ಹೆಸರೂ ‘ಬ್ರಾಹ್ಮಣ ಕಾಫಿ ಕ್ಲಬ್’. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಸುತ್ತಲು ಹೋದರು. ಅಲ್ಲಿನ ಹೋಟೆಲುಗಳ ಅಡುಗೆಮನೆಗಳ ಒಪ್ಪ ಓರಣ, ಪಾತ್ರೆ ತೊಳೆಯುವ ಶಿಸ್ತು ಅವರ ಕಣ್ಣಿಗೆ ಕಟ್ಟಿತು. ಮರಳಿ ಬಂದವರು ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಏರ್ಪಾಡು ಮಾಡಿದರು. ಗಿರಾಕಿ ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡೇ ಊಟದ ಕೋಣೆಗೆ ಹೋಗುವಂತಾಯಿತು. 1960ರಲ್ಲಿ ಹೋಟೆಲಿನ ಹೆಸರೂ ಬದಲಾಗಿ ‘ಮಾವಳ್ಳಿ ಟಿಫಿನ್ ರೂಮ್ಸ್’, ಜನರ ಬಾಯಲ್ಲಿ ಎಂ.ಟಿ.ಆರ್. ಆಯಿತು.

ಜಾತಿಯ ಹೆಸರು ಇಳಿದು ಬಡಾವಣೆಯ ಹೆಸರು ಏರಿದ ಆ ಬೋರ್ಡು ಕನ್ನಡ ನಾಡಿನ ಹೋಟೆಲು ಚರಿತ್ರೆಯ ಬಹು ಮುಖ್ಯ ದಾಖಲೆಗಳಲ್ಲಿ ಒಂದು. ಮಾಡಿದ್ದು ಯಾರು ಎಂಬ ಪ್ರಶ್ನೆ ಹಿಂದೆ ಸರಿದು, ಹೇಗೆ ಮಾಡಿದರು ಎಂಬ ಪ್ರಶ್ನೆ ಮುಂದೆ ಬಂತು. ಅದಕ್ಕೆ ಹಬೆಯ ಯಂತ್ರ ಒಂದು ಕಡೆಯಿಂದ ನೆರವಾದರೆ, ಕಾನೂನು ಇನ್ನೊಂದು ಕಡೆಯಿಂದ ಬಾಗಿಲು ತಳ್ಳಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲಿನ ಹೆಸರೆತ್ತಿಯೇ ಹೇಳಿತು: ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಒಳಗೆ ಬರದಂತೆ ತಡೆಯುವ ಹಾಗಿಲ್ಲ. ಐದು ವರ್ಷದ ಮೇಲೆ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧವಾಯಿತು. ಒಳಕೋಣೆ, ಹೊರಬೆಂಚುಗಳ ಗೋಡೆ ನಿಧಾನವಾಗಿ ಬಿತ್ತು. ಅಪರಿಚಿತನ ಎದುರು ಕೂತು ಇಡ್ಲಿ ತಿನ್ನುವುದನ್ನು ನಾಡು ಕಲಿತದ್ದು ಬಹುಮಟ್ಟಿಗೆ ಈ ಮೇಜುಗಳ ಮೇಲೆ.

ಕಾರ್ಕಳ ಸೀಮೆಯ ಕಡಂದಲೆಯ ಕೃಷ್ಣ ರಾವ್ ಹಿಡಿದ ದಾರಿ ಬೇರೆ. ಅಡುಗೆಮನೆಯ ಚಾಕರಿಯಿಂದ ಮೇಲೆ ಬಂದ ಅವರು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಬಂಗಲೆಯನ್ನು ಹಿಡಿದು ಹೋಟೆಲು ಮಾಡಿದರು. ಕಾಫಿ ಕುಡಿದು ಎದ್ದು ಹೋಗುವ ಗಿರಾಕಿಯ ಜೊತೆಗೆ ಪೆಟ್ಟಿಗೆ ಹಿಡಿದು ಬಂದು ತಂಗುವ ಅತಿಥಿಯೂ ಈಗ ಉಡುಪಿಯವರ ಕೈಗೆ ಬಂದ. ನಗರಕ್ಕೆ ಮೋಟಾರು ಹೆಚ್ಚುತ್ತಿದ್ದಂತೆ 1962ರಲ್ಲಿ ಅದೇ ಸಂಸ್ಥೆಯಿಂದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಬಂತು. ಕಾರಿನಲ್ಲೇ ಕೂತು ದೋಸೆ ತಿನ್ನುವ ಹೊಸ ಅಭ್ಯಾಸಕ್ಕೆ ಮರಗಳ ನೆರಳಲ್ಲಿ ಜಾಗ ಸಿಕ್ಕಿತು. 2008ರವರೆಗೂ ಅದು ನಡೆಯಿತು.

ಹೋಟೆಲಿನ ಹಿಂಬದಿಯಲ್ಲಿ ನಡೆದ ಬದಲಾವಣೆ ಇದಕ್ಕಿಂತಲೂ ದೊಡ್ಡದು. ಊರಿಂದ ಬಂದ ಮಾಣಿಯ ಮೊದಲ ಕೆಲಸ ಲೋಟ ತೊಳೆಯುವುದು, ಎರಡನೆಯದು ಕಡೆಯುವುದು. ಇಡ್ಲಿ ದೋಸೆಯ ಹಿಟ್ಟು ರುಬ್ಬುವ ಕಲ್ಲಿನ ಮುಂದೆ ಕುಳಿತ ಎಳೆಯರ ತೋಳು ಹೊತ್ತು ಮೂಡುವ ಮೊದಲೇ ಸೋತಿರುತ್ತಿತ್ತು. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ವಿದ್ಯುತ್ ಗ್ರೈಂಡರ್ ರೂಪಿಸಿದರು. ಆ ಯಂತ್ರದ ಬಗ್ಗೆ ಯಾರೂ ಪದ್ಯ ಕಟ್ಟಿಲ್ಲ. ಆದರೆ ಎಷ್ಟೋ ಮಾಣಿಗಳ ನಿದ್ದೆಯನ್ನು ಅವರಿಗೇ ಮರಳಿಸಿದ ಯಂತ್ರ ಅದು. ಹಗಲು ಹೋಟೆಲು, ಸಂಜೆ ಕನ್ನಡ ರಾತ್ರಿ ಶಾಲೆ ಎಂದು ಮುಂಬಯಿಯಲ್ಲಿ ಓದಿ ಮುಂದೆ ಬಂದ ಕರಾವಳಿಯ ಹುಡುಗರ ಸಂಖ್ಯೆ ಸಣ್ಣದಲ್ಲ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ‘ಕೆಫೆ ದರ್ಶಿನಿ’ ಶುರು ಮಾಡಿದಾಗ ಮಾಣಿಯೇ ಮಾಯವಾದ. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆ, ಕಟ್ಟೆಯ ಬಳಿ ಹೋಗಿ ತಟ್ಟೆ ತಗೋ, ನಿಂತು ತಿನ್ನು. ಅಡುಗೆಮನೆಗೂ ಗಿರಾಕಿಗೂ ನಡುವೆ ಉಳಿದದ್ದು ಒಂದು ಕಟ್ಟೆ ಮಾತ್ರ. ಹೆಂಚಿನ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಸವರುವುದರಿಂದ ಹಿಡಿದು ದೋಸೆ ಮಗುಚುವ ತನಕ ಎಲ್ಲವೂ ಕಣ್ಣ ಮುಂದೆ. ಮಠದ ಮಡಿಯಿಂದ ಹೊರಟ ಒಲೆ ಬೀದಿಯ ಬೆಳಕಿಗೆ ಬಂದು ನಿಂತಿತು.

ಇತ್ತ ಉಡುಪಿಯಲ್ಲೂ ಅತಿಥಿ ಬದಲಾಗುತ್ತಿದ್ದ. ಸ್ವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ ಹುಟ್ಟಿದ ತೋನ್ಸೆ ಮಾಧವ ಅನಂತ ಪೈ 1925ರಲ್ಲಿ ಸ್ಥಾಪಕರಲ್ಲಿ ಒಬ್ಬರಾಗಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದ ಮೇಲೆ ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳು, ಅವರ ತಂದೆತಾಯಿ, ರೋಗಿಗಳ ಜೊತೆಗಾರರು ಬಂದರು. ದೇವರ ದರ್ಶನಕ್ಕೆ ಬಂದು ಮಠದಲ್ಲಿ ಉಣ್ಣುತ್ತಿದ್ದ ಯಾತ್ರಿಕನ ಪಕ್ಕದಲ್ಲಿ ಪರಾಠ ಕೇಳುವ, ನೂಡಲ್ಸ್ ಕೇಳುವ ಗಿರಾಕಿ ನಿಂತ. 1980ರ ದಶಕದಲ್ಲಿ ಐಟಿಸಿಯ ವೆಲ್‌ಕಮ್‌ಗ್ರೂಪ್ ಜೊತೆಗೂಡಿ ಮಣಿಪಾಲದಲ್ಲೇ ಹೋಟೆಲು ಆಡಳಿತದ ಕಾಲೇಜು ಬಂತು. ಒಲೆಯ ಮುಂದೆ ಕಣ್ಣಳತೆಯಲ್ಲಿ ಕಲಿಯುತ್ತಿದ್ದ ವಿದ್ಯೆಗೆ ಪಠ್ಯಪುಸ್ತಕ, ಪದವಿ ದೊರಕಿದವು. ಅಲ್ಲಿ ಓದಿದ ವಿಕಾಸ್ ಖನ್ನಾ ಅಮೆರಿಕದಲ್ಲಿ ಹೆಸರಾಂತ ಬಾಣಸಿಗರಾದರು. ಅವರು ಸಂಗ್ರಹಿಸಿದ ಹಳೆಯ ಅಡುಗೆ ಪಾತ್ರೆ ಪರಿಕರಗಳ ಮ್ಯೂಸಿಯಂ 2018ರಲ್ಲಿ ಆ ಕಾಲೇಜಿನ ಆವರಣದಲ್ಲೇ ತೆರೆಯಿತು.

ಈಗಿನ ಅತಿಥಿ ನಂಬುವುದು ನಕ್ಷತ್ರಗಳನ್ನು. ಅದೂ ಹಳೆಯದೇ. ಫ್ರಾನ್ಸಿನ ಟೈರು ಕಂಪನಿ ಮಿಶೆಲಿನ್ 1900ರಲ್ಲಿ ಮೋಟಾರು ಪ್ರವಾಸಿಗರಿಗೆಂದು ಕೈಪಿಡಿ ತಂದಿತು, 1926ರಲ್ಲಿ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರು ಮಾಡಿತು. ಆಗ ನಕ್ಷತ್ರ ಕೊಡುತ್ತಿದ್ದವರು ನುರಿತ ಪರೀಕ್ಷಕರು. ಈಗ ತಿಂದವರೆಲ್ಲ ಫೋನಿನಲ್ಲೇ ನಕ್ಷತ್ರ ಕೊಡುವ ಪರೀಕ್ಷಕರು. ದುಡ್ಡೂ ಫೋನಿಗೇ ಬಂತು. 2016ರಲ್ಲಿ ಯುಪಿಐ ಬಂದ ಮೇಲೆ ಗಲ್ಲಾದ ಚಿಲ್ಲರೆ ಸದ್ದು ಕಡಿಮೆಯಾಯಿತು. 2020ರ ಕೊರೊನಾದಲ್ಲಿ ಮೆನು ಕಾರ್ಡೂ ಮೇಜಿನ ಮೇಲಿನ ಕಪ್ಪು ಕ್ಯೂಆರ್ ಚೌಕವಾಗಿ ಬದಲಾಯಿತು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಿಗ್ಗಿಯಂಥ ಕಂಪನಿಗಳು ಹೋಟೆಲನ್ನೇ ಮನೆ ಬಾಗಿಲಿಗೆ ತಂದವು. ಬರಿಯ ಪಾರ್ಸೆಲ್‌ಗಾಗಿ ನಡೆಯುವ ಕ್ಲೌಡ್ ಕಿಚನ್‌ಗಳಲ್ಲಿ ಕೂರಲು ಕುರ್ಚಿಯಿಲ್ಲ, ನೋಡಲು ಒಲೆಯಿಲ್ಲ. ಮಯ್ಯರು ತೆರೆದಿಟ್ಟ, ದರ್ಶಿನಿ ಬೀದಿಗೆ ತಂದ ಅಡುಗೆಮನೆ ಮತ್ತೆ ಗೋಡೆಯ ಹಿಂದೆ ಸರಿಯಿತು.

ಒಲೆ ಮರೆಯಾದ ಕಡೆ ಹಳೆಯ ಪ್ರಶ್ನೆ ತಲೆ ಎತ್ತಿತು. 2024ರ ಮಾರ್ಚಿನಲ್ಲಿ ಜೊಮ್ಯಾಟೊ ಶುದ್ಧ ಸಸ್ಯಾಹಾರ ತಲುಪಿಸಲೆಂದೇ ಹಸಿರು ಸಮವಸ್ತ್ರದ ಬೇರೆ ಹುಡುಗರನ್ನು ನೇಮಿಸುವುದಾಗಿ ಸಾರಿತು. ವಿರೋಧ ಎಷ್ಟು ಬಲವಾಗಿತ್ತೆಂದರೆ ಮರುದಿನವೇ ಹಸಿರು ಸಮವಸ್ತ್ರ ಕೈಬಿಟ್ಟು ಎಲ್ಲರಿಗೂ ಕೆಂಪೇ ಎಂದಿತು. ಮುಟ್ಟಿದ್ದು ಯಾರು ಎಂಬ ಪ್ರಶ್ನೆ, ನೂರು ವರ್ಷದ ಹಿಂದೆ ಬೋರ್ಡಿನ ಮೇಲಿದ್ದದ್ದು, ಈಗ ಫೋನಿನ ತೆರೆಯ ಮೇಲೆ ಬಂದಿತ್ತು. ಅದನ್ನು ಜನರೇ ಹಿಂದೆ ಕಳಿಸಿದ್ದು ಸಮಾಧಾನದ ಸಂಗತಿ.

ಈ ಕಥೆಯ ಹೊಸ ಅಧ್ಯಾಯ ನಡೆಯುತ್ತಿರುವುದು ಉಡುಪಿಯ ಕಡಲ ದಂಡೆಯಲ್ಲಿ. 2016ರಲ್ಲಿ ಮಲ್ಪೆಯ ಮರಳಿಗೆ ಉಚಿತ ವೈಫೈ ಬಂತು. 2020ರಲ್ಲಿ ಕಾಪು ತಾಲ್ಲೂಕಿನ ಪಡುಬಿದ್ರಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು. ನೀರು ಶುಚಿಯಾಗಿದೆ ಎಂದು ಡೆನ್ಮಾರ್ಕಿನ ಸಂಸ್ಥೆಯ ನೀಲಿ ಬಾವುಟ ಹೇಳುತ್ತದೆ, ಪ್ರವಾಸಿ ನಂಬುತ್ತಾನೆ. ಮಲ್ಪೆಯಿಂದ ಬಡಗು ದಿಕ್ಕಿಗೆ ಹೊರಟರೆ ಸಿಗುವ ಹೂಡೆಗೆ ಬಾವುಟವೂ ಇಲ್ಲ, ದೊಡ್ಡ ಹೋಟೆಲೂ ಬೇಕಿಲ್ಲ. ಪೈ ಕುಟುಂಬದ ಹೆಸರಿನಲ್ಲಿರುವ ತೋನ್ಸೆ ಈ ನೆಲದ್ದೇ. ಇಲ್ಲಿಂದ ಕೋಡಿಬೆಂಗ್ರೆಯ ತನಕ ನೆಲ ಒಂದು ಪಟ್ಟಿಯಷ್ಟೇ. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ. ಹೊಳೆಯ ಮೇಲೆ ಹುಟ್ಟಿದ ಸೂರ್ಯ ಕಡಲಿಗಿಳಿಯುವುದನ್ನು ಒಂದೇ ಅಂಗಳದಿಂದ ನೋಡಬಹುದಾದ ಈ ದಂಡೆಯ ಮನೆಗಳು ಒಂದೊಂದಾಗಿ ಹೋಂಸ್ಟೇಗಳಾಗುತ್ತಿವೆ.

ಇಲ್ಲಿಗೆ ಬರುವ ಅತಿಥಿ ಕೋಣೆಯನ್ನು ಫೋನಿನಲ್ಲೇ ಹಿಡಿದಿರುತ್ತಾನೆ, ದಾರಿಯನ್ನೂ ಫೋನಿಗೇ ಕೇಳಿರುತ್ತಾನೆ. ಬಂದ ಮೇಲೆ ಮಾತ್ರ ಕೇಳುವುದು ಮನೆಯವರು ಏನು ಉಣ್ಣುತ್ತಾರೋ ಅದನ್ನೇ: ಕುಚ್ಚಲಕ್ಕಿ ಗಂಜಿ, ನೀರುದೋಸೆ, ಅಂದಿನ ದೋಣಿಯ ಮೀನು. ಉಡುಪಿ ಎಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾತ್ವಿಕ ಊಟವೆಂದೇ ತಿಳಿದು ಬಂದವನು ಅದೇ ಉಡುಪಿಯ ಮೊಗವೀರರ, ಬ್ಯಾರಿಗಳ, ಕ್ರೈಸ್ತರ ಅಡುಗೆಯ ರುಚಿ ಕಾಣುತ್ತಾನೆ. ಅಡುಗೆಮನೆಯ ಹೊಸ್ತಿಲು ದಾಟಿ ಒಳಗೆ ನಿಂತು, ಮಸಾಲೆ ಕಡೆಯುವುದನ್ನು ವೀಡಿಯೊ ಮಾಡಿಕೊಳ್ಳುತ್ತಾನೆ. ಅಡುಗೆ ಮಾಡಿದ್ದು ಯಾರು ಎಂದು ಅವನೂ ಕೇಳುತ್ತಾನೆ. ಹೊರಡುವ ಮುನ್ನ ಅವರ ಹೆಸರು ಹಿಡಿದು ನಾಲ್ಕು ಸಾಲು ಬರೆಯಬೇಕೆಂದು. ಮರುದಿನ ಮನೆಯ ಮಕ್ಕಳು ಆ ಸಾಲುಗಳನ್ನು ಫೋನಿನಲ್ಲಿ ಹುಡುಕಿ, ಒಲೆಯ ಮುಂದೆ ನಿಂತ ಅಮ್ಮನಿಗೆ ತುಳುವಿನಲ್ಲಿ ಓದಿ ಹೇಳುತ್ತಾರೆ.