ಅಕ್ಷರಕ್ಕಾಗಿ ಹುಟ್ಟಿದ ಮ್ಯಾಕ್ರೋ ಲೆನ್ಸು

ಮ್ಯಾಕ್ರೋ ಲೆನ್ಸು ಅಂದಕೂಡಲೇ ನಮಗೆಲ್ಲ ನೆನಪಾಗೋದು ಜೇಡ, ಚಿಟ್ಟೆ, ಇರುವೆ. ಆದರೆ ನಿಕಾನ್‌ನವರ ಮೈಕ್ರೋ-ನಿಕ್ಕೋರ್ ಹುಟ್ಟಿದ್ದು ಹುಳಕ್ಕಾಗಿ ಅಲ್ಲ, ಅಕ್ಷರಕ್ಕಾಗಿ! ಪುಸ್ತಕಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವಾಗ ಇಂಗ್ಲಿಷಿಗೆ ಸಾಕಾಗುತ್ತಿದ್ದ ಲೆನ್ಸು, ಗೆರೆಗಳು ಒತ್ತೊತ್ತಾಗಿರುವ ಜಪಾನಿನ ಕಾಂಜಿ ಲಿಪಿಗೆ ಸಾಲುತ್ತಿರಲಿಲ್ಲ. ಹಾಗಾಗಿ 1956ರಲ್ಲಿ 5 ಸೆಂ.ಮೀ. ಎಫ್/3.5 ಬಂತು. 1961ರಲ್ಲಿ ಎಸ್ಸೆಲ್ಲಾರ್ ಕ್ಯಾಮೆರಾಗೆ 55 ಮಿ.ಮೀ. ಬಂತು.

ಡಿಜಿಟಲ್ ಕ್ಯಾಮೆರಾಗೆ ಹಳೇ ಲೆನ್ಸು ಕೊಳ್ಳೋದಾದರೆ ಯಾವುದು? ಹತ್ತಿರದ ಚಪ್ಪಟೆ ವಸ್ತುವಿಗೆ 55 ಎಫ್/3.5 ಎತ್ತಿದ ಕೈ. ಆಮೇಲೆ ಬಂದ ಎಫ್/2.8 ದೂರಕ್ಕೂ ಚೆನ್ನ, ಆದರೆ ಅಪರ್ಚರ್ ಎಲೆಗಳಿಗೆ ಎಣ್ಣೆ ಇಳಿಯುವ ಕಾಯಿಲೆ ಅದಕ್ಕಿದೆ, ನೋಡಿ ಕೊಳ್ಳಿ. ಜಿಕೆವಿಕೆ ಕಡೆ ಹುಳು ಹುಡುಕುವವರಿಗೆ 1979ರ ಟ್ಯಾಮ್ರಾನ್ 90 ಎಫ್/2.5 ವಾಸಿ. ತುಸು ದೂರ ನಿಂತೇ ತೆಗೆಯಬಹುದು. ಇವೆಲ್ಲ ಸಾಮಾನ್ಯವಾಗಿ ಅರ್ಧ ಗಾತ್ರಕ್ಕೆ ನಿಲ್ಲುತ್ತವೆ, ಪೂರ್ಣ ಗಾತ್ರಕ್ಕೆ ಟ್ಯೂಬು ಬೇಕು. ಒಂದು ಎಚ್ಚರಿಕೆ: 1977ಕ್ಕೂ ಹಿಂದಿನ ನಿಕ್ಕೋರ್‌ಗಳನ್ನು ಕೆಲವು ನಿಕಾನ್ ಡಿಎಸ್ಸೆಲ್ಲಾರ್‌ಗಳಿಗೆ ಹಾಕಿದರೆ ಕ್ಯಾಮೆರಾಗೇ ಪೆಟ್ಟು. ಮಿರರ್‌ಲೆಸ್‌ಗಾದರೆ ಸಾದಾ ಅಡಾಪ್ಟರ್ ಸಾಕು.

ಮತ್ತೆ ಅಕ್ಷರದ ಮಾತಿಗೇ ಬರೋಣ. ನಮ್ಮ ಹೆಬ್ಬಾಳದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದ್ದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಕಲ್ಲಿನ ಮೇಲಿದ್ದದ್ದರಿಂದ ಇಷ್ಟು ಕಾಲ ಉಳಿಯಿತು. ಕಾಗದಕ್ಕೆ ಆ ಪುಣ್ಯವಿಲ್ಲ. ಅಟ್ಟದ ಪೆಟ್ಟಿಗೆಯಲ್ಲಿರುವ ಅಜ್ಜನ ಕೈಬರಹ, ಹಳೇ ಕ್ರಯಪತ್ರ... ಒತ್ತಕ್ಷರಗಳು ಮಾಸಿಹೋಗುವ ಮುಂಚೆ ಈ ಲೆನ್ಸಿಗೆ ಅದರ ಮೂಲ ಕೆಲಸ ಕೊಡೋಣ. ಏನಂತೀರಿ?