ಪಗಾರ ಚುಕ್ತಾ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ

ಕೆಲಸ ಬಿಟ್ಟವರಿಗೆ ಅಥವಾ ಕೆಲಸದಿಂದ ತೆಗೆದವರಿಗೆ ಸಲ್ಲಬೇಕಾದ ಕೊನೆಯ ವೇತನದ ನಿಯಮ ಈ ಭಾಗದಲ್ಲಿ 1936ರ ವೇತನ ಪಾವತಿ ಕಾಯ್ದೆಯಿಂದ ಆರಂಭವಾಯಿತು ಎಂದರೆ ಪೂರ್ತಿ ನಿಜವಾಗದು. ಆ ಕಾಯ್ದೆ ಬ್ರಿಟಿಷ್ ಆಡಳಿತದ ಪ್ರದೇಶಕ್ಕೆ ಮಾಡಿದ್ದು. ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿಗೆ ಸೇರಿತ್ತು. ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್‌ನಲ್ಲಿ. ಒಂದೇ ದಿನದ ದಾರಿಯಲ್ಲಿರುವ ಊರುಗಳಿಗೆ ಒಂದೇ ಕಾನೂನು ಬಂದದ್ದು ಆಮೇಲೆ.

ಮಾಲೀಕರೇ ಕೆಲಸದಿಂದ ತೆಗೆದರೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಪಗಾರ ಚುಕ್ತಾ ಮಾಡಬೇಕು ಎಂದು 1936ರ ಕಾಯ್ದೆ ಹೇಳಿತು. ಕಾರ್ಖಾನೆ ಮುಚ್ಚಿದಾಗಲೂ ಎರಡೇ ದಿನ ಎಂಬುದು 1964ರ ತಿದ್ದುಪಡಿ. ತಾನಾಗಿ ರಾಜೀನಾಮೆ ಕೊಟ್ಟವನಿಗೆ ಮಾತ್ರ ಈ ಅವಸರದ ರಕ್ಷಣೆ ಇರಲಿಲ್ಲ. ಅವನು ಎಂದಿನ ಪಗಾರದ ದಿನಕ್ಕೆ ಕಾಯಬೇಕಿತ್ತು.

ಸಕ್ಕರೆ ಕಾರ್ಖಾನೆಗಳ ಲೆಕ್ಕವೇ ಬೇರೆ. ಕಬ್ಬು ನುರಿಸುವ ಹಂಗಾಮು ಮುಗಿದರೆ ಹಂಗಾಮಿ ನೌಕರ ಮನೆಗೆ ಹೋಗುತ್ತಾನೆ, ಆದರೆ ಮುಂದಿನ ವರ್ಷ ಮತ್ತೆ ಬರುತ್ತಾನೆ. 1972ರ ಉಪದಾನ (ಗ್ರಾಚ್ಯುಟಿ) ಕಾಯ್ದೆ ಇಂಥವರಿಗೆ ಹಂಗಾಮಿಗೆ 7 ದಿನದ ವೇತನದಂತೆ ಲೆಕ್ಕ ಹಾಕಿತು. ವರ್ಷವಿಡೀ ದುಡಿಯುವವರಿಗೆ ವರ್ಷಕ್ಕೆ 15 ದಿನ.

ಹೆಚ್ಚು ತೊಡಕಿರುವುದು ಮಗ್ಗಗಳಲ್ಲಿ. 1948ರ ಕಾರ್ಖಾನೆ ಕಾಯ್ದೆಗೆ ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಾದರೂ ಬೇಕಿತ್ತು. ಮನೆಯ ಪಡಸಾಲೆಯ ನಾಲ್ಕು ಮಗ್ಗ ಅದಕ್ಕೆ ಹೊರಗು. ಮಾಲೀಕರಿಂದ ನೂಲು ತಂದು ಮನೆಯಲ್ಲೇ ನೇಯ್ದು ಮಜೂರಿ ಪಡೆಯುವವರಿಗೆ ‘ಕೆಲಸ ಮುಗಿದ ದಿನ’ ಯಾವುದು? ಮುಂಗಡ ಪಡೆದಿದ್ದರಂತೂ ಬಿಡುವ ಹೊತ್ತಿಗೆ ಬಾಕಿ ಯಾರದೆಂಬುದೇ ತಿರುವುಮುರುವಾಗುತ್ತದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆ ರಾಜೀನಾಮೆಗೂ ಎರಡು ಕೆಲಸದ ದಿನಗಳ ಗಡುವನ್ನು ವಿಸ್ತರಿಸಿದೆ. ಇಷ್ಟರೊಳಗಿನ ವೇತನದವರಿಗೆ ಮಾತ್ರ ಎಂದು ಹಳೆಯ ಕಾಯ್ದೆಯಲ್ಲಿದ್ದ ಮಿತಿಯನ್ನು ತೆಗೆದಿದೆ. ಮೊದಲು 12 ತಿಂಗಳಿದ್ದ ದೂರಿನ ಅವಧಿ ಈಗ 3 ವರ್ಷ. ಆದರೆ 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ‘ನೌಕರ’ ಎಂಬ ಅರ್ಥದೊಳಗೇ ಇದ್ದ, ಸಾಮಾನು ಒಯ್ದು ಮನೆಯಲ್ಲಿ ತಯಾರಿಸಿಕೊಡುವವನ ಉಲ್ಲೇಖ ಸಂಹಿತೆಯ ವ್ಯಾಖ್ಯೆಯಲ್ಲಿ ಕಾಣುವುದಿಲ್ಲ.