ಗೇಟಿನಿಂದ ಕೋರ್ಟಿಗೆ: ಮೈಸೂರಿನ ಕಾರ್ಮಿಕ ವಕೀಲಿಕೆ

ಕಾರ್ಮಿಕ ನ್ಯಾಯಾಲಯಕ್ಕೆ ವಕೀಲರು ಬರುವುದು ಕಾನೂನು ಬರೆದವರಿಗೆ ಅಷ್ಟಾಗಿ ಇಷ್ಟವಿರಲಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 36ನೇ ಕಲಂ ತೆಗೆದು ನೋಡಿದರೆ ಇದು ಗೊತ್ತಾಗುತ್ತದೆ. ಸಂಧಾನಾಧಿಕಾರಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲೂ ಎದುರು ಪಕ್ಷ ಒಪ್ಪಬೇಕಿತ್ತು, ನ್ಯಾಯಾಲಯ ಅನುಮತಿ ಕೊಡಬೇಕಿತ್ತು. ಹಣವುಳ್ಳ ಮಾಲೀಕರು ದೊಡ್ಡ ವಕೀಲರನ್ನು ಕರೆತಂದರೆ ಕೂಲಿಯವನ ಮಾತು ಅಡಗಿಹೋದೀತು ಎಂಬ ಆತಂಕ ಅದರ ಹಿಂದಿತ್ತು. ಆದರೆ ಸಂಘದ ಪದಾಧಿಕಾರಿಯಾದವರು ಕಾರ್ಮಿಕನ ಪರವಾಗಿ ಧಾರಾಳವಾಗಿ ವಾದಿಸಬಹುದಿತ್ತು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಮಂದಿ ಹೊರಗಿನವರಾಗಿರಲು ಅವಕಾಶ ಕೊಟ್ಟಿತ್ತು. ಎರಡನ್ನೂ ಕೂಡಿಸಿ ಓದಿದ ವಕೀಲರು ಸಂಘದ ಅಧ್ಯಕ್ಷರೋ ಉಪಾಧ್ಯಕ್ಷರೋ ಆದರು. ಹೀಗೆ ಪದಾಧಿಕಾರಿಯಾದ ವಕೀಲ ಆ ಹೆಸರಿನಲ್ಲೇ ಹಾಜರಾಗಬಹುದೆಂದು ಸುಪ್ರೀಂ ಕೋರ್ಟ್ ಪಾರಾದೀಪ್ ಬಂದರಿನ ಪ್ರಕರಣದಲ್ಲಿ 1976ರಲ್ಲಿ ಹೇಳಿತು.

ಕಾರ್ಮಿಕ ವಕೀಲರು ಸಮಾಜಸೇವೆಗೆಂದು ಬಿಡುವು ಮಾಡಿಕೊಂಡು ಜನರ ಬಳಿ ಹೋದರು ಎಂದು ಬರೆದರೆ ಅದು ಅರ್ಧ ಸತ್ಯ. ಸಂಘದ ಸಭೆಗೆ ಹೋಗುವುದು, ಗೇಟಿನ ಹೊರಗೆ ನಿಂತು ಮಾತಾಡುವುದು, ಕಾರ್ಮಿಕರ ಕಾಲೊನಿಯಲ್ಲಿ ಕೂತು ಕಾಗದ ಓದಿ ಹೇಳುವುದು ಅವರ ಕಸುಬಿನೊಳಗೇ ಇತ್ತು. ಅದಿಲ್ಲದೆ ಈ ವಕೀಲಿಕೆ ನಡೆಯುತ್ತಲೇ ಇರಲಿಲ್ಲ ಎಂಬುದು ನನ್ನ ನಂಬಿಕೆ.

ಮೈಸೂರಿಗೆ ಈ ಕಸುಬು ಒಗ್ಗಿದ್ದಕ್ಕೆ ಕಾರಣವಿದೆ. ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆ 1912ರದು. ಗಂಧದೆಣ್ಣೆ ಕಾರ್ಖಾನೆ 1917ರದು. ಮತದಾರರ ಬೆರಳಿಗೆ ಹಚ್ಚುವ ಶಾಯಿಗೆ ಹೆಸರಾದ ಅರಗು ಮತ್ತು ಬಣ್ಣದ ಕಾರ್ಖಾನೆ 1937ರದು. ಸಿದ್ದಲಿಂಗಪುರದ ಬಳಿ ಕೆ.ಆರ್. ಮಿಲ್ ಕಾಲೊನಿ ಇಂದಿಗೂ ಮಿಲ್ಲಿನ ಹೆಸರನ್ನೇ ಹೊತ್ತಿದೆ. ಹಿಂದೆ ಆದಿಕರ್ನಾಟಕಪುರವಾಗಿದ್ದ ಅಶೋಕಪುರಂನಲ್ಲಿ ರೈಲ್ವೆ ವರ್ಕ್‌ಷಾಪಿನ ಸಂಬಳದಿಂದ ಮಕ್ಕಳನ್ನು ಓದಿಸಿದ ಮನೆಗಳು ಸಾಲುಸಾಲಾಗಿವೆ. ಆ ಬಡಾವಣೆ ನಿತ್ಯ ನೆನೆಯುವ ಅಂಬೇಡ್ಕರ್ ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡವರು. ಅದೇ 1942ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಕಾರ್ಮಿಕ ಕಾಯ್ದೆ ತಂದಿತ್ತು. ಬೆಂಗಳೂರಿನಲ್ಲಿ ವಕೀಲರೂ ಕಾರ್ಮಿಕ ಮುಖಂಡರೂ ಆಗಿದ್ದ ಕೆ.ಟಿ. ಭಾಷ್ಯಂ 1947ರಲ್ಲಿ ಕೆ.ಸಿ. ರೆಡ್ಡಿಯವರ ಸಂಪುಟ ಸೇರಿದರು.

ಇಷ್ಟೆಲ್ಲ ಕಾರ್ಖಾನೆಗಳ ನಡುವೆ ನಾನು ಹೆಚ್ಚು ಹೊತ್ತು ನಿಲ್ಲಬೇಕೆನ್ನಿಸುವುದು ಗೇಟೇ ಇಲ್ಲದ ಒಂದು ಕೆಲಸದ ಮುಂದೆ. ಉದಯಗಿರಿ, ರಾಜೇಂದ್ರನಗರ, ಶಾಂತಿನಗರದ ಮನೆಗಳಲ್ಲಿ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಆ ಕೈಚಳಕಕ್ಕೆ ಕೂಲಿ ಸಾವಿರದ ಲೆಕ್ಕದಲ್ಲಿ. ಸಂಜೆ ಗುತ್ತಿಗೆದಾರನ ಬಳಿ ಹೋದರೆ ಒಂದಿಷ್ಟು ಬೀಡಿ ಸರಿಯಿಲ್ಲವೆಂದು ಪಕ್ಕಕ್ಕೆ ಬೀಳುತ್ತಿತ್ತು. ಅವಳ ಮಾಲೀಕ ಯಾರು? ಎಲೆ ಕೊಟ್ಟ ಗುತ್ತಿಗೆದಾರನೋ, ಲೇಬಲ್ ಅಂಟಿಸುವ ಕಂಪನಿಯೋ? ಮನೆಯಲ್ಲೇ ಕೂತು ದುಡಿಯುವವಳು ಕಾರ್ಮಿಕಳು ಹೌದೋ ಅಲ್ಲವೋ?

1966ರ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯ್ದೆ ಇವಳೂ ಕಾರ್ಮಿಕಳೇ ಎಂದಿತು. ಉದ್ಯಮದವರು ಅದನ್ನು ಪ್ರಶ್ನಿಸಿದರು. ಅದು ಅವರ ಹಕ್ಕು. ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ಆ ಪ್ರಕರಣ ಕಾನೂನು ವರದಿಗಳಲ್ಲಿ ದಾಖಲಾಗಿದೆ. ಬೇರೆ ರಾಜ್ಯಗಳ ಉದ್ಯಮಿಗಳ ಅರ್ಜಿಗಳೂ ಅದರ ಜೊತೆಗಿದ್ದವು. 1974ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವಳಿಗೂ ಸಂಬಳಸಹಿತ ವಾರ್ಷಿಕ ರಜೆ ಉಂಟು, ಹೆರಿಗೆ ಸೌಲಭ್ಯ ಉಂಟು, ಬೀಡಿ ತಿರಸ್ಕರಿಸುವುದಕ್ಕೂ ಒಂದು ಮಿತಿ ಉಂಟು ಎಂಬುದು ಗಟ್ಟಿಯಾಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಬಂತು. ಮೈಸೂರಿನಲ್ಲಿ ಬೀಡಿ ಕಾರ್ಮಿಕರ ಆಸ್ಪತ್ರೆಯೂ ಆಯಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದ ತೀರ್ಪಿನಿಂದ ಭವಿಷ್ಯ ನಿಧಿಯೂ ಇವರಿಗೆ ಅನ್ವಯವಾಯಿತು.

ಕಾನೂನು ದೆಹಲಿಯಲ್ಲಿ ಗೆದ್ದರೂ ಉದಯಗಿರಿಯ ಓಣಿಗೆ ಇಳಿಯಲು ಕಾಗದ ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಗುರುತಿನ ಚೀಟಿ, ಪಿಎಫ್ ಚೀಟಿ, ರೇಷನ್ ಕಾರ್ಡು, ಈಚೆಗೆ ಆಧಾರ್. ಒಂದರಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ, ಇನ್ನೊಂದರಲ್ಲಿ ತಂದೆಯ ಹೆಸರು. ಒಂದರಲ್ಲಿ ಹುಟ್ಟಿದ ವರ್ಷ ಅಂದಾಜಿನದು. ಹೆಸರಿನ ಒಂದು ಅಕ್ಷರ ತಾಳೆಯಾಗದೆ ಪಿಂಚಣಿ ನಿಂತ ಹೆಣ್ಣುಮಗಳ ಮುಂದೆ ಕೂತು, "ಅಮ್ಮಾ, ಮೊದಲು ಬೀಡಿ ಕಟ್ಟಿದ್ದು ಯಾವ ಏಜೆಂಟರ ಹತ್ತಿರ? ಮದುವೆಗೆ ಮುಂಚೆಯೋ ಆಮೇಲೋ?" ಎಂದು ಕೇಳಿ ಬರೆದುಕೊಳ್ಳುವ ಕಿರಿಯ ವಕೀಲರ ಕೆಲಸ ಯಾವ ತೀರ್ಪಿನ ಪುಟದಲ್ಲೂ ಅಚ್ಚಾಗುವುದಿಲ್ಲ. ನನ್ನ ಮಟ್ಟಿಗೆ ಮೈಸೂರಿನ ಕಾರ್ಮಿಕ ವಕೀಲಿಕೆಯ ಬಹುಪಾಲು ಚರಿತ್ರೆ ಅಲ್ಲಿಯೇ ಇದೆ.

ಕೆಲಸದಿಂದ ತೆಗೆದವರ ಕಥೆ ಬೇರೆ. ಮೊದಲೆಲ್ಲ ವಜಾ ಆದವನು ಸಂಧಾನ ಮುರಿದು ಬಿದ್ದ ಮೇಲೆ ಸರ್ಕಾರ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸುವವರೆಗೆ ಕಾಯಬೇಕಿತ್ತು. ಕಡತ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಮನೆಯ ಪಾತ್ರೆ ಪಡಗ ಗಿರವಿ ಅಂಗಡಿ ಸೇರುತ್ತಿತ್ತು. 1988ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಕೈಗಾರಿಕಾ ವಿವಾದಗಳ ಕಾಯ್ದೆಯ 10ನೇ ಕಲಮಿನ (4-ಎ) ಉಪಕಲಂ, ಆ ಕಾಯುವಿಕೆಗೆ ಕೊನೆ ಹಾಡಿತು. ವಜಾ ಆದೇಶ ಕೈಸೇರಿದ ಆರು ತಿಂಗಳೊಳಗೆ ಕಾರ್ಮಿಕ ನೇರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಿತ್ತು. ಇಡೀ ದೇಶಕ್ಕೆ ಇಂಥ ನೇರ ದಾರಿ ತೆರೆದದ್ದು 2010ರ ತಿದ್ದುಪಡಿಯಿಂದ. ನಮ್ಮ ರಾಜ್ಯ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಂದಿತ್ತು ಎನ್ನುವುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಆದರೆ ಆ ಆರು ತಿಂಗಳ ಗಡುವು ಕಾರ್ಮಿಕನಿಗೆ ಗೊತ್ತಿರಬೇಕಿತ್ತಲ್ಲ! ಇಂಗ್ಲಿಷಿನ ಆದೇಶವನ್ನು ಪೆಟ್ಟಿಗೆಯಲ್ಲಿಟ್ಟು, ಸಾಹೇಬರು ಮತ್ತೆ ಕರೆದಾರು ಎಂದು ಕಾದು ಕೂತವರೆಷ್ಟೋ. ಸಂಘದ ಸಭೆಗಳಲ್ಲಿ ವಕೀಲರು ಮತ್ತೆ ಮತ್ತೆ ಹೇಳಿದ್ದು ಇದೊಂದನ್ನೇ: ಆದೇಶ ಬಂದ ದಿನವನ್ನು ಬರೆದಿಡಿ, ಲಕೋಟೆ ಎಸೆಯಬೇಡಿ.

ಕಾರ್ಖಾನೆಯೇ ಮುಚ್ಚಿದರೆ? ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ ಊರಿನ ಅಭಿಮಾನವಾಗಿತ್ತು. 1960ರಲ್ಲಿ ಫಾರೂಖ್ ಇರಾನಿ ಕಟ್ಟಿದ ಕಂಪನಿ. ಮರುವರ್ಷ ಜಯಚಾಮರಾಜ ಒಡೆಯರ್ ಕಾರ್ಖಾನೆಯನ್ನು ಉದ್ಘಾಟಿಸಿದರು. 1996ರಲ್ಲಿ ಬಾಗಿಲು ಹಾಕಿತು. ಪ್ರತಿ ಜುಲೈನಲ್ಲಿ ಜಾವಾ, ಯೆಜ್ಡಿ ಪ್ರಿಯರು ಮೈಸೂರಿನ ಬೀದಿಗಳಲ್ಲಿ ಗುಡುಗುಡಿಸುತ್ತ ಸಾಗುವಾಗ ಆ ಎಂಜಿನ್ ಜೋಡಿಸಿದ ಕೈಗಳನ್ನೂ ನೆನೆಯಬೇಕು. ಕಂಪನಿ ಸಮಾಪನೆಗೆ ಹೋದಾಗ ಕಾರ್ಮಿಕರ ಬಾಕಿಗೆ ಬ್ಯಾಂಕುಗಳ ಆಧಾರಸಹಿತ ಸಾಲದ ಸಮಾನ ಸ್ಥಾನ ಕೊಟ್ಟದ್ದು ಕಂಪನಿ ಕಾಯ್ದೆಗೆ 1985ರಲ್ಲಿ ಸೇರಿದ 529-ಎ ಕಲಂ. ಸಮಾಪನೆಯ ಅರ್ಜಿಯಲ್ಲಿ ಕಾರ್ಮಿಕರ ಅಹವಾಲನ್ನೂ ಕೇಳಬೇಕೆಂದು ಸುಪ್ರೀಂ ಕೋರ್ಟ್ ಅದಕ್ಕೂ ಮೊದಲೇ ಹೇಳಿತ್ತು. ಹಾಗಿದ್ದೂ ಸಮಾಪನೆ ಎಂಬುದು ಬಹು ನಿಧಾನದ ದಾರಿ. ಹಾಜರಿ ಕಾರ್ಡು, ಸಂಬಳದ ಚೀಟಿ ಜೋಪಾನ ಮಾಡಿದವರ ಲೆಕ್ಕವಷ್ಟೇ ಅದರಲ್ಲಿ ನಿಲ್ಲುತ್ತದೆ.

ಉಚಿತ ಕಾನೂನು ನೆರವಿನ ಬಗ್ಗೆ ಒಂದು ಮಾತು. 1995ರ ನವೆಂಬರ್ 9ರಂದು ಜಾರಿಯಾದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರು, ಪರಿಶಿಷ್ಟರು ಇವರ ಸಾಲಿನಲ್ಲೇ ಕೈಗಾರಿಕಾ ಕಾರ್ಮಿಕರೂ ಇದ್ದಾರೆ. ಅವರಿಗೆ ಆದಾಯದ ಮಿತಿಯ ತೊಡಕಿಲ್ಲ. ನಮ್ಮ ಜಿಲ್ಲಾ ಪ್ರಾಧಿಕಾರದ ಬಾಗಿಲಿಗೆ ಈ ಹಕ್ಕಿನ ಮೇಲೆ ಬರುವ ಕಾರ್ಖಾನೆಯವರು ಇನ್ನೂ ಹೆಚ್ಚಬೇಕು. ಕಟ್ಟಡ ಕೆಲಸಗಾರರಿಗಂತೂ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರವೇ ದೊಡ್ಡ ಗೋಡೆ. ಮೈಸೂರಿಗೆ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶದ ಮೊದಲ ಸ್ಥಾನ ತಂದುಕೊಟ್ಟ ಪೌರಕಾರ್ಮಿಕರ ಪಿಎಫ್, ಇಎಸ್‌ಐ ಲೆಕ್ಕವನ್ನೂ ಯಾರಾದರೂ ಕೂತು ನೋಡಬೇಕಿದೆ.

ಈಗ ಕಾನೂನೇ ಬದಲಾಗಿದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಕಾರ್ಮಿಕ ನ್ಯಾಯಾಲಯದ ಜಾಗಕ್ಕೆ ಇಬ್ಬರು ಸದಸ್ಯರ ನ್ಯಾಯಮಂಡಳಿ. ಒಬ್ಬರು ನ್ಯಾಯಾಂಗದವರು, ಇನ್ನೊಬ್ಬರು ಆಡಳಿತದ ಕಡೆಯವರು. ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿದ್ದುದು 100 ಕಾರ್ಮಿಕರಿದ್ದಲ್ಲಿ. ಇನ್ನು 300 ಇದ್ದಲ್ಲಿ. ಹೆಬ್ಬಾಳು, ಕೂರ್ಗಳ್ಳಿಯ ಸಣ್ಣ ಘಟಕಗಳ ಗೇಟಿನಲ್ಲಿ ಇದನ್ನು ಬಿಡಿಸಿ ಹೇಳುವ ಕೆಲಸ ಇಂದಿನ ಕಿರಿಯರ ಪಾಲಿಗೆ ಬಂದಿದೆ.

ಹಿರಿಯ ವಕೀಲರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಅಟ್ಟಗಳ ಮೇಲಿರುವ ಹಳೆಯ ಕಡತಗಳನ್ನು ರದ್ದಿಗೆ ಹಾಕಬೇಡಿ. ಸಾಕ್ಷಿಕಟ್ಟೆಯಲ್ಲಿ ನಿಂತು ನೇಕಾರನೋ ಬೀಡಿ ಕಟ್ಟುವವಳೋ ಕನ್ನಡದಲ್ಲಿ ಹೇಳಿಕೆ ಕೊಟ್ಟ ಕಾಗದಗಳು ಅವುಗಳಲ್ಲಿವೆ. ಕಕ್ಷಿದಾರರ ಒಪ್ಪಿಗೆ ಪಡೆದು, ಹೆಸರು ಮರೆಸಿ, ನಮ್ಮ ವಕೀಲರ ಗ್ರಂಥಾಲಯದ ಒಂದು ಬೀರುವಿನಲ್ಲಿ ಅವನ್ನು ಜೋಡಿಸಿಡಲು ಈ ವರ್ಷವೇ ಶುರು ಮಾಡೋಣ.